ನಾಲ್ಕನೇ ಅಂಗಕ್ಕೆ ಸಂಬಳ ಕೇಳಬೇಡಿ

ಜುಲೈ 1 ಬಂತೆಂದರೆ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಎಲ್ಲಿಲ್ಲದ ಬೇಡಿಕೆ. ಕೆಲಸಕ್ಕಲ್ಲ, ಖಾಲಿ ಕುರ್ಚಿ ತುಂಬೋದಕ್ಕೆ. ಅಂದು ಪತ್ರಿಕಾ ದಿನಾಚರಣೆ. 1843ರ ಅದೇ ದಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು ಎಂದು ಮೈಕ್ ಸಿಕ್ಕವರೆಲ್ಲ ನೆನಪಿಸುತ್ತಾರೆ. ಆ ಪತ್ರಿಕೆ ವರ್ಷ ತುಂಬುವ ಮೊದಲೇ ಹೆಸರು ಬದಲಿಸಿಕೊಂಡು ಬಳ್ಳಾರಿಗೆ ಹೋಯಿತು ಅನ್ನೋದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೇಳಿದ್ದರೆ ನಮಗೂ ಸ್ವಲ್ಪ ಸಮಾಧಾನ ಆಗುತ್ತಿತ್ತು. ನಾಳೆ ಏನೋ ಎಂಬ ಚಿಂತೆ ನಮ್ಮ ಬ್ಯಾಚಿನಿಂದ ಶುರುವಾದದ್ದಲ್ಲ, ಅಲ್ವಾ?

ಹಾರ, ಶಾಲು, ಮೈಸೂರು ಪೇಟ ಮುಗಿದ ಮೇಲೆ ನಮ್ಮ ಕಡೆ ತಿರುಗಿ, "ಮಕ್ಕಳೇ, ನೀವು ಪ್ರಜಾಪ್ರಭುತ್ವದ ನಾಲ್ಕನೇ ಅಂಗ" ಎನ್ನುತ್ತಾರೆ. ಸರಿ, ಉಳಿದ ಮೂರು ಅಂಗಗಳು ಹೇಗಿವೆ ನೋಡೋಣ. ನಮ್ಮ ಶಾಸಕಾಂಗ 2025ರ ಮಾರ್ಚಿನಲ್ಲಿ, ಸದನದ ಗದ್ದಲದ ನಡುವೆಯೇ, ಶಾಸಕರ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸಿಕೊಂಡಿತು. ಮುಖ್ಯಮಂತ್ರಿಯದ್ದು 75 ಸಾವಿರದಿಂದ ಒಂದೂವರೆ ಲಕ್ಷ. ಕಾರ್ಯಾಂಗಕ್ಕೆ ವೇತನ ಆಯೋಗ ಇದೆ. ನ್ಯಾಯಾಂಗಕ್ಕೂ ಇದೆ. ನಾಲ್ಕನೆಯದಕ್ಕೂ, ಅಂದರೆ ಪತ್ರಕರ್ತರ ಸಂಬಳ ಎಷ್ಟಿರಬೇಕು ಅಂತ ಹೇಳೋದಕ್ಕೂ, ಮಜೀಠಿಯಾ ವೇತನ ಮಂಡಳಿ ಅಂತ ಒಂದಿತ್ತು. ಅದರ ಶಿಫಾರಸನ್ನು 2011ರಲ್ಲಿ ಕೇಂದ್ರ ಒಪ್ಪಿತು, 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮಗೆ ಅದು ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಕೆಲಸದ ಇಂಟರ್‌ವ್ಯೂನಲ್ಲಿ ಮಾತ್ರ ಅಪ್ಪಿತಪ್ಪಿಯೂ ಅದರ ಹೆಸರೆತ್ತಬೇಡಿ ಅಂತ ಸೀನಿಯರ್‌ಗಳು ಹೇಳಿಕೊಟ್ಟಿದ್ದಾರೆ.

ಇಂಟರ್ನ್‌ಶಿಪ್ಪಿಗೆ ಒಂದು ಚಾನೆಲ್ಲಿಗೆ ಹೋದೆ. ಸ್ಟೈಪೆಂಡ್ ಇಲ್ಲ, ಸರ್ಟಿಫಿಕೇಟ್ ಉಂಟು. ಯಾರದೋ ರೀಲ್ಸ್ ಇಳಿಸಿಕೊಂಡು, ಅವರ ಹೆಸರು ಮಸುಕು ಮಾಡಿ, ಮೇಲೊಂದು ಕೆಂಪು ಬಾಣ ಹಾಕಿ 'ಮುಂದೇನಾಯ್ತು ನೋಡಿ' ಅಂತ ಬರೆಯೋದು ನನ್ನ ಕೆಲಸ. "ಮುಂದೇನಾಯ್ತು ಸರ್?" ಎಂದು ಕೇಳಿದೆ. "ಅದನ್ನ ನೀನೇ ಹೇಳಿಬಿಟ್ರೆ ಕ್ಲಿಕ್ ಯಾರಪ್ಪಾ ಮಾಡ್ತಾರೆ?" ಎಂದರು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಲ್ಲಕ್ಕೂ ಮೊದಲ ಪ್ಯಾರಾದಲ್ಲೇ ಉತ್ತರ ಇರಬೇಕು ಅಂತ ಕ್ಲಾಸಿನಲ್ಲಿ ಕಲಿತಿದ್ದೆ. ಅಲ್ಲಿ ಕೊನೆಯ ಪ್ಯಾರಾದಲ್ಲೂ ಇರಬಾರದು.

ಊರಲ್ಲೇ ಇದ್ದು ತಾಲ್ಲೂಕು ವರದಿಗಾರ ಆಗೋಣ ಅಂದರೆ ಅದಕ್ಕೊಂದು ಟಾರ್ಗೆಟ್. ಸುದ್ದಿಯದ್ದಲ್ಲ, ಜಾಹೀರಾತಿನದ್ದು. ಬೆಳಗ್ಗೆ ರಸ್ತೆ ಗುಂಡಿಯ ಫೋಟೊ ಕಳಿಸಬೇಕು. ಮಧ್ಯಾಹ್ನ ಅದೇ ರಸ್ತೆ ಮಾಡಿದ ಕಂಟ್ರಾಕ್ಟರ್ ಹತ್ತಿರ ಹೋಗಿ, "ಅಣ್ಣಾ, ಶಾಸಕರ ಹುಟ್ಟುಹಬ್ಬಕ್ಕೆ ಅರ್ಧ ಪೇಜ್ ಕೊಡ್ತೀರಾ?" ಎಂದು ಹಲ್ಲು ಗಿಂಜಬೇಕು. ಅಣ್ಣ ಕೊಡ್ತಾರೆ. ಸಂಜೆ ಹೊತ್ತಿಗೆ ಗುಂಡಿ ಸುದ್ದಿಗೆ ಜಾಗ ಇರುವುದಿಲ್ಲ.

2023ರಲ್ಲಿ ಕನ್ನಡದ ಚಾನೆಲ್ಲೊಂದು ಎಐ ನಿರೂಪಕಿಯನ್ನೇ ಪರದೆಗೆ ತಂದಿತು. ನನ್ನ ಗೆಳತಿಯರು ಗಾಬರಿಯಾದರು. ನಾನು ಆಗಲಿಲ್ಲ. ಆಕೆಗೂ ಸಂಬಳ ಇಲ್ಲ, ನಮ್ಮವಳೇ.

ಹಾಗಂತ ಎಲ್ಲವೂ ಕೆಟ್ಟಿದೆ ಎನ್ನಲಾರೆ. ನಮ್ಮ ಕ್ಲಾಸಿನಲ್ಲಿ ಪತ್ರಿಕೆ ಓದುವವರು ಈ ವರ್ಷ ಜಾಸ್ತಿಯಾಗಿದ್ದಾರೆ. ಬೆಳ್ಳಂಬೆಳಗ್ಗೆ ಲೈಬ್ರರಿಗೆ ಬರುತ್ತಾರೆ. ಸಂಪಾದಕೀಯವನ್ನೂ ಬಿಡದೆ ಓದಿ ನೋಟ್ಸ್ ಮಾಡಿಕೊಳ್ಳುತ್ತಾರೆ. ಎಲ್ಲರೂ ಪಿಡಿಒ ಪರೀಕ್ಷೆಗೆ ಕೂತವರು.