ಕಡಲಿಗೆ ಇಳಿಯುವ ಮುಂಚೆ ಯಾರನ್ನು ಕೇಳಬೇಕು?

ನಾನಿರುವ ಸಿಡ್ನಿಯಲ್ಲಿ ಶನಿವಾರ ಪ್ಯಾಡಲ್ ಬೋರ್ಡ್ (ಮೇಲೆ ನಿಂತು ಹುಟ್ಟು ಹಾಕುವ ಹಲಗೆ) ಹಿಡಿದು ಹೊರಡುವವರ ಮಾತುಕತೆ ಶುಕ್ರವಾರ ರಾತ್ರಿಯೇ ಶುರುವಾಗುತ್ತದೆ. 'ನಾಳೆ ದಕ್ಷಿಣದ ಸ್ವೆಲ್, 1.5 ಮೀಟರ್, 14 ಸೆಕೆಂಡು. ಬಾಂಡೈ ಬೇಡ, ಶೆಲ್ಲಿಗೆ ಹೋಗೋಣ.' ಸ್ವೆಲ್ ಎಂದರೆ ದೂರದಿಂದ ಉರುಳಿ ಬರುವ ಅಲೆ; ಬಾಂಡೈ, ಶೆಲ್ಲಿ ಎರಡೂ ಇಲ್ಲಿನ ಬೀಚುಗಳು, ಶೆಲ್ಲಿ ಮರೆಯಲ್ಲಿರುವುದು. ರಜೆಗೆ ಮಲ್ಪೆಗೋ ಮುರುಡೇಶ್ವರಕ್ಕೋ ಬರುವ ನಮ್ಮವರ ಲೆಕ್ಕಾಚಾರ ಬೇರೆ. ಬಿಸಿಲಿದೆ, ಬೋಟ್ ನಿಂತಿದೆ, ಇಷ್ಟು ದೂರ ಬಂದೂ ಆಗಿದೆ, ನಡೀರಿ!

ಆ 14 ಸೆಕೆಂಡಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಮೋಸ ಹೋಗುವುದೇ ಅಲ್ಲಿ. ಅಲೆಯ ಎತ್ತರ ಯಾರಿಗಾದರೂ ಅರ್ಥವಾಗುತ್ತದೆ. ಒಂದು ಅಲೆ ಬಂದು ಇನ್ನೊಂದು ಬರುವ ನಡುವಿನ ಸಮಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತಿರದ ಗಾಳಿ ಎಬ್ಬಿಸಿದ ಅಲೆ ಆರೇಳು ಸೆಕೆಂಡಿಗೊಂದು ಬರುತ್ತದೆ. ಸಾವಿರಾರು ಕಿಲೋಮೀಟರ್ ಆಚೆಯ ಬಿರುಗಾಳಿಯಲ್ಲಿ ಹುಟ್ಟಿ ಉರುಳಿ ಬಂದದ್ದಕ್ಕೆ 14 ಸೆಕೆಂಡಿನಷ್ಟು ಬೇಕಾಗಬಹುದು. ಎತ್ತರ ಎರಡರದ್ದೂ ಒಂದೇ ಇದ್ದರೂ ಎರಡನೆಯದು ಹೊತ್ತು ತರುವ ಶಕ್ತಿ ಸುಮಾರು ಎರಡು ಪಟ್ಟು. ಅದು ಗುಂಪುಗುಂಪಾಗಿ ಬರುತ್ತದೆ. ನಾಲ್ಕೈದು ದೊಡ್ಡ ಅಲೆ, ಆಮೇಲೆ ಹಲವು ನಿಮಿಷ ಏನೂ ಇಲ್ಲ. ಆ ಬಿಡುವಿನಲ್ಲಿ ಬಂದು ನೋಡಿದವನಿಗೆ ಕಡಲು ಸಾಧುವಾಗಿ ಕಾಣುತ್ತದೆ. ಅದಕ್ಕೇ ಇಲ್ಲಿನ ಹಳಬರು ಬೋರ್ಡನ್ನು ಮರಳ ಮೇಲಿಟ್ಟು ಕಾಲು ಗಂಟೆ ಸುಮ್ಮನೆ ನಿಂತು ನೋಡುತ್ತಾರೆ. ಇನ್ನೊಂದು ವಿಷಯ: ಮುನ್ಸೂಚನೆಯಲ್ಲಿ ಕೊಡುವ ಎತ್ತರ, ಎಲ್ಲ ಅಲೆಗಳಲ್ಲಿ ಅತಿ ದೊಡ್ಡದಾದ ಮೂರನೇ ಒಂದು ಭಾಗದ ಸರಾಸರಿ ಅಷ್ಟೇ. ಅದರ ಹತ್ತಿರ ಹತ್ತಿರ ಎರಡರಷ್ಟು ಎತ್ತರದ್ದೂ ಬರಬಹುದು.

ಇದೆಲ್ಲ ಆಸ್ಟ್ರೇಲಿಯಾದ ಕಥೆ ಎಂದುಕೊಳ್ಳಬೇಡಿ. ದಕ್ಷಿಣದ ಮಹಾಸಾಗರದ ಬಿರುಗಾಳಿಯ ಅಲೆ ಅರಬ್ಬಿ ಸಮುದ್ರಕ್ಕೂ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಆಕಾಶ ತಿಳಿಯಾಗಿದ್ದು, ಎಲೆ ಅಲ್ಲಾಡದಿದ್ದರೂ ಕಡಲು ಉಕ್ಕುವುದುಂಟು. ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯ್ಸ್, ಇದಕ್ಕೆ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ, ಅಲೆಯ ಎತ್ತರ, ಅವಧಿ ಎಲ್ಲ ಲೆಕ್ಕ ಹಾಕಿ. ಮೀನುಗಾರರು ಅದನ್ನು ನೋಡುತ್ತಾರೆ. ರಾತ್ರಿ ಬಸ್ಸಿಗೆ ಬೆಂಗಳೂರಿನಿಂದ ಬಂದಿಳಿದವನಿಗೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿಲ್ಲ.

ಅಂಕಿ ಹೇಳದ್ದನ್ನೂ ಬಲ್ಲವರು ನಮ್ಮ ಕರಾವಳಿಯಲ್ಲಿದ್ದಾರೆ. ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನ ಕಡಲಿಂದ ನೆಲಕ್ಕೆ. ಹಾಯಿದೋಣಿಯ ಕಾಲದಲ್ಲಿ ಹೋಗುವುದಕ್ಕೂ ಬರುವುದಕ್ಕೂ ಇವೇ ಗಾಳಿ. ಪ್ಯಾಡಲ್ ಬೋರ್ಡಿನವನಿಗೆ ಮಾತ್ರ ಬೆಳಗಿನ ಗಾಳಿ ಉಪಾಯವಾಗಿ ಕೆಡುಕು ಮಾಡುತ್ತದೆ. ದಡದ ಹತ್ತಿರ ನೀರು ನಯವಾಗಿರುತ್ತದೆ, ಬೋರ್ಡ್ ತಾನಾಗಿ ಮುಂದೆ ಹೋಗುತ್ತದೆ, ತಿರುಗಿ ನೋಡಿದಾಗ ತೆಂಗಿನ ಮರಗಳು ಚಿಕ್ಕದಾಗಿರುತ್ತವೆ. ಇನ್ನು ಮಂಗಳೂರಿನ ಹತ್ತಿರದ ಸಸಿಹಿತ್ಲಿನಂಥ, ನದಿ ಕಡಲು ಸೇರುವ ಅಳಿವೆಯ ಜಾಗ. ಇಳಿತದ ಹೊತ್ತಿಗೆ ಹೊರಗೋಡುವ ನದಿಯ ನೀರು ಒಳಬರುವ ಅಲೆಗೆ ಡಿಕ್ಕಿ ಹೊಡೆದಾಗ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ಅದೇ ಜಾಗ ಭರತದಲ್ಲಿ, ಅಂದರೆ ಉಬ್ಬರದ ಹೊತ್ತಿಗೆ, ಪರವಾಗಿಲ್ಲ. ಇದನ್ನು ಯಾವ ಆ್ಯಪೂ ಅಲ್ಲಿನ ಮೀನುಗಾರನಷ್ಟು ಸರಿಯಾಗಿ ಹೇಳಲಾರದು.

ತಿಳಿವಳಿಕೆಯಲ್ಲಿ ನಾವು ಹಿಂದಿಲ್ಲ. ತೊಡಕಿರುವುದು ಬೇಡ ಎನ್ನುವ ಅಧಿಕಾರ ಯಾರ ಕೈಲಿದೆ ಎಂಬುದರಲ್ಲಿ. ಸಿಡ್ನಿಯಲ್ಲಿ ನಗರಸಭೆಯ ಲೈಫ್‌ಗಾರ್ಡ್‌ಗಳೂ ಸರ್ಫ್ ಕ್ಲಬ್ಬಿನ ಸ್ವಯಂಸೇವಕರೂ ಕೆಂಪು ಹಳದಿ ಬಾವುಟ ನೆಡುತ್ತಾರೆ, ಸೆಳವು ಜಾಗ ಬದಲಿಸಿದರೆ ಕಿತ್ತು ಬೇರೆ ಕಡೆ ನೆಡುತ್ತಾರೆ, ತೀರಾ ಕೆಟ್ಟರೆ ಬೀಚನ್ನೇ ಮುಚ್ಚುತ್ತಾರೆ. ಮುಚ್ಚಿದರೆ ಅವರ ಜೇಬಿಗೇನೂ ನಷ್ಟವಿಲ್ಲ. ನಮ್ಮಲ್ಲಿ 'ಇವತ್ತು ಹೋಗಬಹುದಾ ಅಣ್ಣಾ?' ಎಂದು ಕೇಳುವುದು ಟಿಕೆಟ್ ಹರಿಯುವವನನ್ನೇ. ಬೋಟ್ ನಿಲ್ಲುವ ಮಳೆಗಾಲದಲ್ಲಿ ಕೂತು ತಿನ್ನಬೇಕಾದ ಅವನು ಬೇಡ ಅಂದಾನೆಯೇ? ಅವನನ್ನು ದೂರುವುದೂ ನ್ಯಾಯವಲ್ಲ. ಅಪಾಯ ಮಾತ್ರ ಸಣ್ಣದಲ್ಲ. 2024ರ ಡಿಸೆಂಬರ್‌ನಲ್ಲಿ, ಕಡಲು ಸಾಮಾನ್ಯವಾಗಿ ಶಾಂತವಿರುವ ಕಾಲದಲ್ಲಿಯೇ, ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು.

ಇಲ್ಲಿನ ಕ್ರಮವೇ ಪರಿಪೂರ್ಣ ಅಂತ ನಾನು ಹೇಳುವುದಿಲ್ಲ. ಬಾವುಟ ಇರುವುದು ಈಜುವವರಿಗೆ. ಬೋರ್ಡಿನವರು ಅದರ ಹೊರಗೇ ಇರಬೇಕು, ತಮ್ಮ ತೀರ್ಮಾನ ತಾವೇ ಮಾಡಬೇಕು. ಫೋನ್ ನೋಡಿ ನೀರು ನೋಡದೆ ಇಳಿಯುವವರನ್ನು ವಾರವಾರ ಕಾಣುತ್ತೇನೆ. ಎರಡು ಬಿಳಿ ನೊರೆಯ ಸಾಲುಗಳ ನಡುವೆ ಅಲೆಯೇ ಮುರಿಯದ, ಗಾಢ ಬಣ್ಣದ ಓಣಿ ಕಂಡರೆ ಅದೇ ರಿಪ್, ಕಡಲೊಳಕ್ಕೆ ಎಳೆಯುವ ಸೆಳವು. ಹೊಸಬರು ನೀರು ಶಾಂತವಾಗಿದೆ ಎಂದು ನೆಟ್ಟಗೆ ಅಲ್ಲಿಗೇ ನಡೆಯುತ್ತಾರೆ.

ನನ್ನನ್ನು ಕೇಳಿದರೆ, ನಮ್ಮ ಬೀಚುಗಳಲ್ಲಿ ಟಿಕೆಟ್ ಕೌಂಟರಿನ ಪಕ್ಕ ಒಂದು ಕಪ್ಪು ಹಲಗೆ ಸಾಕು. ದಿನಾ ಬೆಳಿಗ್ಗೆ ಅಲೆ ಎಷ್ಟು, ಎಷ್ಟು ಸೆಕೆಂಡಿಗೊಂದು, ಗಾಳಿ ಯಾವ ಕಡೆಯಿಂದ, ಇಳಿತ ಎಷ್ಟು ಗಂಟೆಗೆ ಎಂದು ಬರೆಯಲಿ. ಬರೆಯುವವನು ಬೋಟ್ ಕೆಲಸ ಬಿಟ್ಟ ಹಿರಿಯ ತಾಂಡೇಲ (ಮೀನುಗಾರಿಕೆ ಬೋಟಿನ ಮುಖ್ಯಸ್ಥ) ಒಬ್ಬನಾಗಿರಲಿ, ಸಂಬಳ ಜಿಲ್ಲಾಡಳಿತದಿಂದ ಬರಲಿ. ಅವನು ಬೇಡ ಅಂದ ದಿನ ಮುಂಗಡ ಕೊಟ್ಟವರಿಗೆ ಪೂರ್ತಿ ಹಣ ವಾಪಸ್ ಎಂದು ಗುತ್ತಿಗೆ ಕೊಡುವಾಗಲೇ ಬರೆಸಿಕೊಳ್ಳಲಿ, ಆ ದಿನದ ಬಾಡಿಗೆಯನ್ನು ಗುತ್ತಿಗೆದಾರನಿಗೂ ಬಿಟ್ಟುಕೊಡಲಿ.