ನಾನು ಇಟ್ಟ ಬೆಂಕಿ ಕಲ್ಲು

ಕಲಬುರಗಿಯವರಿಗೆ ಕಲ್ಲಿನ ಮಹಿಮೆ ಯಾರೂ ಹೇಳಿಕೊಡಬೇಕಿಲ್ಲ. ಮೇ ತಿಂಗಳು, ಹೊರಗೆ 43 ಡಿಗ್ರಿ, ಕರೆಂಟ್ ಇಲ್ಲ. ಶಹಾಬಾದಿ ಪರ್ಸಿಯ, ಅಂದರೆ ನೆಲಕ್ಕೆ ಹಾಸಿದ ಕಲ್ಲಿನ, ಮೇಲೆ ಒಂದು ತಂಬಿಗೆ ನೀರು ಚೆಲ್ಲಿ, ಒರೆಸಿ, ಬರೀ ಬೆನ್ನು ಹಚ್ಚಿ ಮಲಗಿ ನೋಡಿ. ಅರ್ಧ ಗಂಟೆಯಲ್ಲಿ ಮನುಷ್ಯ ಎಮ್ಮೆಯಾಗುತ್ತಾನೆ. ಹಾಗಾಗಿ, ಕಲ್ಲು ಇಟ್ಟರೆ ಪ್ರಾಣಿ ಬದಲಾಗುತ್ತೆ ಅಂತ ನಮ್ಮ ಅಕ್ಕನ ಮಗ ಹೇಳಿದಾಗ ನನಗೇನೂ ಆಶ್ಚರ್ಯ ಆಗಲಿಲ್ಲ.

ಹುಡುಗನಿಗೆ ಹನ್ನೊಂದು ವರ್ಷ. ರಜೆಗೆ ಸೇಡಂನಿಂದ ಬರುವಾಗ ಒಂದು ಹಳೇ ಗೇಮ್ ಬಾಯ್, ಅಂದರೆ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಸೆಟ್, ತಂದಿದ್ದ. ಪುಣೆಯಲ್ಲಿರುವ ಅವನ ದೊಡ್ಡಪ್ಪನ ಮಗ ಆಡಿ ಬಿಟ್ಟದ್ದು. ಅದರಲ್ಲಿ ಪೋಕೆಮಾನ್ ರೆಡ್ ಅನ್ನುವ ಆಟ. 1996ರಲ್ಲಿ ಜಪಾನಿನಲ್ಲಿ ಶುರುವಾದ ಆಟಗಳ ಪೈಕಿಯದು. ಅಂದರೆ ಆಟಕ್ಕೆ ಆಡುವವನ ಎರಡೂವರೆ ಪಟ್ಟಿಗೂ ಹೆಚ್ಚು ವಯಸ್ಸು. ನನಗಂತೂ ಅದರ ಮೇಲೆ ಒಂಥರಾ ಗೌರವ ಬಂತು.

ಬಂದ ದಿನವೇ ನನಗೆ ಪಾಠ ಆಯಿತು. ಪೋಕೆಮಾನ್ ಅಂದರೆ ಈ ಆಟದ ಪ್ರಾಣಿಗಳು, ಸಾಕಿ ಕಾದಾಟಕ್ಕೆ ಬಿಡುವಂಥವು. ಹೆಚ್ಚಿನ ಪೋಕೆಮಾನ್‌ಗಳು ಕಾದಾಡಿ ಕಾದಾಡಿ ಲೆವೆಲ್ ಏರಿಸಿಕೊಂಡು ಬದಲಾಗುತ್ತವೆ. ಕೆಲವಕ್ಕೆ ಮಾತ್ರ ಕಲ್ಲೇ ಬೇಕು. ಈ ಆಟದಲ್ಲಿ ಐದು ಕಲ್ಲು: ಬೆಂಕಿ, ನೀರು, ಸಿಡಿಲು, ಎಲೆ, ಚಂದ್ರ. ಮೊದಲ ನಾಲ್ಕು ಸೆಲಡಾನ್ ಅನ್ನುವ ಊರಿನ ದೊಡ್ಡ ಅಂಗಡಿಯಲ್ಲಿ ತಲಾ 2100ಕ್ಕೆ ಸಿಗುತ್ತವೆ. ಚಂದ್ರನ ಕಲ್ಲು ಮಾತ್ರ ಮಾರಾಟಕ್ಕಿಲ್ಲ, ಹುಡುಕಿಕೊಳ್ಳಬೇಕು.

"2100 ಫಿಕ್ಸ್ ರೇಟಾ? ಚೌಕಾಸಿ ಇಲ್ವಾ?" ಅಂದೆ.

ಹುಡುಗ ಉತ್ತರ ಕೊಡದೆ ನನ್ನ ಬೆರಳು ನೋಡಿದ. ಬಲಗೈಯ ಉಂಗುರದಲ್ಲಿ ಕೆಂಪು ಹವಳ. ಜ್ಯೋತಿಷಿಯೊಬ್ಬರು ಹೇಳಿದರು ಅಂತ ಅವ್ವ ಮಾಡಿಸಿ ಹಾಕಿದ್ದು. ಆರು ತಿಂಗಳಲ್ಲಿ ಪ್ರಮೋಷನ್ ಅಂದಿದ್ದರಂತೆ. ಮೂರು ವರ್ಷ ಆಯ್ತು.

"ಮಾಮಾ, ಇದು ಫೈರ್ ಸ್ಟೋನ್ ಏನು? ಎಷ್ಟಾತು?"

"ಐದು ಸಾವಿರದ ಒಂದು ನೂರು."

"ಮತ್ತ ನೀ ಯಾಕ ಇನ್ನಾ ಹಂಗೇ ಇದ್ದಿ?"

ಮಕ್ಕಳಿಗೆ ರಜೆ ಜಾಸ್ತಿ ಕೊಡಬಾರದು.

ಆದರೆ ಅವನು ಹೇಳಿದ ಒಂದು ವಿಷಯ ನನಗೆ ಬಹಳ ಹಿಡಿಸಿತು. ಕಲ್ಲನ್ನು ಅವಸರದಲ್ಲಿ ಇಡಬಾರದಂತೆ. ಕಲ್ಲಿನಿಂದ ಬದಲಾದ ಪ್ರಾಣಿಗಳಲ್ಲಿ ಹೆಚ್ಚಿನವು ಆಮೇಲೆ ಲೆವೆಲ್ ಏರಿದರೂ ಹೊಸ ಪಟ್ಟು ಕಲಿಯುವುದು ಕಡಿಮೆ. ಇದರ ಕಾರ್ಟೂನಿನಲ್ಲೂ ಇದೇ ಕತೆ. ಪಿಕಾಚು ಒಮ್ಮೆ ರೈಚು ಕೈಲಿ ಚೆನ್ನಾಗಿ ಏಟು ತಿನ್ನುತ್ತದೆ. ಸಿಡಿಲ ಕಲ್ಲು ಇಟ್ಟರೆ ತಾನೂ ರೈಚು ಆಗಬಹುದು. ಅದು ಒಲ್ಲೆ ಅನ್ನುತ್ತದೆ. ಆಮೇಲೆ ಗೊತ್ತಾಗುತ್ತದೆ, ಆ ರೈಚುಗೆ ಬೇಗ ಕಲ್ಲು ಇಟ್ಟು ದೊಡ್ಡದು ಮಾಡಿದ್ದರಿಂದ ಚುರುಕಿನ ಪಟ್ಟುಗಳೇ ಬರುವುದಿಲ್ಲ ಅಂತ. ಪಿಕಾಚು ಓಡಾಡಿಯೇ ಅದನ್ನು ಸುಸ್ತು ಮಾಡುತ್ತದೆ. ಎರಡನೇ ವರ್ಷಕ್ಕೇ ಸಾಹೇಬರಾಗಿ, ಇವತ್ತಿಗೂ ಒಂದು ಜೆರಾಕ್ಸ್ ತೆಗೆಯಲು ಬಾರದವರನ್ನು ನಾನೂ ಕಂಡಿದ್ದೇನೆ. ಪಿಕಾಚುವನ್ನು ಕನಿಷ್ಠ ಕೇಳಿದರು. ನನ್ನ ಬೆರಳನ್ನು ಯಾರೂ ಕೇಳಲಿಲ್ಲ.

ಈಗ ಅನಾಹುತಕ್ಕೆ ಬರೋಣ.

ಹುಡುಗನ ಹತ್ತಿರ ಈವಿ ಅಂತ ಒಂದಿತ್ತು. ಬೆಕ್ಕೋ, ನರಿಮರಿಯೋ, ನೋಡಿದರೆ ಗೊತ್ತಾಗಲ್ಲ. ಇಡೀ ಆಟದಲ್ಲಿ ಒಂದೇ ಒಂದು ಸಿಗುವುದು. ನೀರಿನ ಕಲ್ಲು ಇಟ್ಟರೆ ವೇಪೋರಿಯಾನ್, ಸಿಡಿಲಿಗೆ ಜೋಲ್ಟಿಯಾನ್, ಬೆಂಕಿಗೆ ಫ್ಲೇರಿಯಾನ್. ಒಮ್ಮೆ ಆದರೆ ಮುಗೀತು, ವಾಪಸ್ ಇಲ್ಲ. ಇವನ ಲೆಕ್ಕ ನೀರಿನದು. ಬೆಂಕಿಯ ಕಲ್ಲೂ ಚೀಲದಲ್ಲಿತ್ತು, ಅದು ಗ್ರೌಲಿತ್ ಅನ್ನುವ ನಾಯಿಗೆ ಅಂತ ತೆಗೆದಿಟ್ಟದ್ದು.

ಮಧ್ಯಾಹ್ನ ಗೇಮ್ ಬಾಯ್‌ನ ಕೆಂಪು ದೀಪ ಮಂಕಾಯಿತು. ಹುಡುಗ ಅದನ್ನು ನನ್ನ ಕೈಗೆ ತುರುಕಿ, "ಮಾಮಾ, ಸೇವ್ ಮಾಡಿ ಬಂದ್ ಮಾಡು, ಸೆಲ್ ತರ್ತೀನಿ" ಅಂತ ಓಡಿದ. ಪೆನ್ಸಿಲ್ ಸೆಲ್ ಬೇಕು ಅದಕ್ಕೆ.

ಗುಂಡಿ ಒತ್ತಿದೆ. ಪಟ್ಟಿ ಬಂತು. ಕನ್ನಡಕ ಒಳಗಿತ್ತು, ನಾನು ಪರ್ಸಿಯ ಮೇಲಿದ್ದೆ. ಏಳುವ ಮನಸ್ಸಾಗಲಿಲ್ಲ. ಎಲ್ಲೋ ಒತ್ತಿದ್ದಕ್ಕೆ ಚೀಲ ತೆರೆಯಿತು. ಇನ್ನೊಮ್ಮೆ ಒತ್ತಿದೆ, ಆರು ಪ್ರಾಣಿಗಳ ಹೆಸರು ಬಂತು. ಕಣ್ಣು ಕಿರಿದು ಮಾಡಿ ಓದಿದರೆ, ಕೆಲವದರ ಮುಂದೆ 'ನಾಟ್ ಏಬಲ್' ಅಂತ ಇದೆ! ಮೇಲಿನದರ ಮುಂದೆ ಬರೀ 'ಏಬಲ್'. ಲಾಯಕ್ಕಿದ್ದವನನ್ನೇ ಆರಿಸುವುದು ನ್ಯಾಯ ಅಲ್ವಾ? ಒತ್ತಿದೆ.

ಏನೋ ಸಂಗೀತ ಬಂತು. ಪರದೆಯಲ್ಲಿ ಆ ಮರಿ ಒಮ್ಮೆ ಹಾಗೆ, ಒಮ್ಮೆ ಹೀಗೆ ಮಿಣುಕಿತು. ನಿಂತಾಗ ಕುತ್ತಿಗೆಯ ತುಂಬ ಜೂಲು ಬಿಟ್ಟುಕೊಂಡ ಬೇರೆ ಯಾರೋ ನಿಂತಿದ್ದರು.

ಇಲ್ಲಿಗೆ ಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಸುಮ್ನೆ ಸೆಟ್ ಬಂದ್ ಮಾಡಿದ್ದರೆ ಈವಿ ಹಿಂದಿನ ಸೇವ್‌ನಲ್ಲಿ ಹಾಗೇ ಇರುತ್ತಿತ್ತು. ಆದರೆ ಹುಡುಗ ಸೇವ್ ಮಾಡು ಅಂದಿದ್ದನಲ್ಲ! ಇಪ್ಪತ್ತು ವರ್ಷ ಕಂಪ್ಯೂಟರ್ ಮುಂದೆ ಕೂತವನು ನಾನು. ಹುಡುಕಿ ಹುಡುಕಿ ಸೇವ್ ಮಾಡಿದೆ. ಈ ಆಟದಲ್ಲಿ ಸೇವ್ ಆಗಲು ಇರುವುದು ಒಂದೇ ಜಾಗ. ಹೊಸದು ಕೂತರೆ ಹಳೆಯದು ಹೋದಂತೆಯೇ.

ಹುಡುಗ ಬಂದ. ಸೆಲ್ ಹಾಕಿದ. ನೋಡಿದ. ಅಳಲಿಲ್ಲ, ಅದೇ ಹೆದರಿಕೆಯಾಯಿತು.

"ಮಾಮಾ," ಅಂದ ಮೆಲ್ಲಗೆ, "ಕಲಬುರಗಿಯಾಗ ಬೆಂಕಿ ಏನ್ ಕಮ್ಮಿ ಅದ?"

ಅವನು ಆಟ ಶುರು ಮಾಡಿದ್ದೇ ಬಾಲಕ್ಕೆ ಬೆಂಕಿ ಇರುವ ಚಾರ್‌ಮ್ಯಾಂಡರ್ ಜೊತೆಗೆ. ನಾಯಿಯೂ ಬೆಂಕಿಯ ಜಾತಿ. ಈಗ ಈವಿಯೂ. ಆರರಲ್ಲಿ ಮೂರು ಒಲೆ! ಬೇರೆ ಈವಿ ಬೇಕಂದರೆ ಇನ್ನೊಂದು ಗೇಮ್ ಬಾಯ್, ಇನ್ನೊಂದು ಆಟ, ನಡುವೆ ಒಂದು ವೈರ್ ಬೇಕು. ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ತನಕ ಹೋಗಿ ಎರಡು ಅಂಗಡಿಯಲ್ಲಿ ಕೇಳಿದೆ. ಒಬ್ಬ ಚಾರ್ಜರ್ ತೋರಿಸಿದ. ಇನ್ನೊಬ್ಬ ನನ್ನನ್ನೇ ನೋಡಿದ.

ಎರಡು ದಿನ ಮಾತಿಲ್ಲ. ಮೂರನೇ ದಿನ ಅವನೇ ರಾಜಿಗೆ ಬಂದ. ಲ್ಯಾವೆಂಡರ್ ಅನ್ನುವ ಊರಿನಲ್ಲಿ ಪೋಕೆಮಾನ್‌ಗಳ ಹೆಸರು ಬದಲಿಸಿ ಕೊಡುವ ಒಬ್ಬ ಮನುಷ್ಯ ಇದ್ದಾನೆ. ಅಲ್ಲಿಗೆ ಹೋಗಿ ಆ ಫ್ಲೇರಿಯಾನ್‌ಗೆ 'ಮಾಮಾ' ಅಂತ ಹೆಸರಿಟ್ಟು ಬಂದಿದ್ದ. ನನಗೆ ಕಣ್ಣು ತುಂಬಿ ಬಂತು ಅಂದರೆ ಜಾಸ್ತಿ ಆಗುತ್ತೆ, ಆದರೆ ಖುಷಿಯಂತೂ ಆಯಿತು.

ಮರುದಿನ ಮಧ್ಯಾಹ್ನ ನಾನು ಪರ್ಸಿಯ ಮೇಲೆ ಬಾಯಿ ತೆರೆದು ಮಲಗಿದ್ದೆ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಹುಡುಗ ನೀರಿನ ಜಾತಿಯ ಯಾವುದೋ ಪ್ರಾಣಿಯ ಜೊತೆ ಕಾದಾಟಕ್ಕೆ ಬಿದ್ದಿದ್ದ. ಇದ್ದಕ್ಕಿದ್ದಂತೆ ಕಿರುಚಿದ:

"ಮಾಮಾ ಬಿದ್ದ! ಆಯಿ, ಮಾಮಾ ಹೋದ!"

ರೊಟ್ಟಿಯ ಸದ್ದು ನಿಂತಿತು. "ಯಪ್ಪಾ ಶರಣಬಸಪ್ಪಾ!" ಅಂತ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು, ನನ್ನ ತೆರೆದ ಬಾಯಿ ನೋಡಿ, ರೊಟ್ಟಿಗೆ ಸವರುವ ನೀರಿನ ಬೋಗುಣಿಯನ್ನು ಪೂರ್ತಿ ಮುಖದ ಮೇಲೆ ಸುರಿದಳು. ನಾನು ಹೌಹಾರಿ ಎದ್ದು, ಕೆಮ್ಮಿ, ಗೋಡೆಗೆ ತಲೆ ಬಡಿದುಕೊಂಡು ಮತ್ತೆ ಕೂತೆ.

ಹುಡುಗ ಪರದೆಯಿಂದ ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದ.

"ನಾ ಹೇಳ್ಲಿಲ್ಲೇನು ಆಯಿ? ನೀರ್ ಬಿದ್ರ ಮಾಮಾ ತಡ್ಯಾಂಗಿಲ್ಲ."