ಆ ಮಳೆಗೆ ಯಾವ ಬಣ್ಣ?

ಜಪಾನಿನ ನಿರ್ದೇಶಕ ಕುರೊಸಾವಾ ಅವರ ಕಪ್ಪು-ಬಿಳುಪು ಚಿತ್ರ 'ಸೆವೆನ್ ಸಮುರಾಯ್'ಗೆ ಬಣ್ಣ ಹಚ್ಚಿದರೆ ಈಗಿನ ಹುಡುಗರೂ ನೋಡುತ್ತಾರೆ ಅಂತ ಬರೆದಿದ್ದೀರಿ. ಇರಬಹುದು. ಆದರೆ ಕೊನೆಯ ಕಾಳಗದ ಬಣ್ಣದ ತುಣುಕು ನೋಡಿ ನನಗಂತೂ ಬೇಜಾರಾಯಿತು. 1954ರ ಮೂಲದಲ್ಲಿ ಮಳೆ, ಕೆಸರು, ಕುದುರೆ ಕಾಲು ಎಲ್ಲ ಒಂದೇ ಕಪ್ಪು ರಾಡಿಯಾಗಿ, ಯಾರು ಬಿದ್ದರು ಯಾರು ಉಳಿದರು ಅಂತ ಎದೆ ಡವಡವ ಅನ್ನುತ್ತೆ. ಇಲ್ಲಿ ಕೆಸರು ಚಾಕಲೇಟ್ ಥರ, ಮುಖಗಳೆಲ್ಲ ಒಂದೇ ಗೋಧಿ ಬಣ್ಣ. ಕುರೊಸಾವಾಗೆ ಬಣ್ಣ ಗೊತ್ತಿರಲಿಲ್ಲ ಅಂತಲ್ಲ ಕಣ್ರೀ, ಮೊದಲು ಚಿತ್ರಕಾರ ಆಗೋಕೆ ಹೊರಟವರು. 1985ರ ಅವರ ಬಣ್ಣದ ಚಿತ್ರ 'ರಾನ್'ನಲ್ಲಿ ದೊರೆಯ ಮೂವರು ಗಂಡುಮಕ್ಕಳ ಸೈನ್ಯಗಳಿಗೆ ಹಳದಿ, ಕೆಂಪು, ನೀಲಿ ಬಾವುಟ ಕೊಟ್ಟಿದ್ದು ನೋಡಿ. ಇನ್ನೊಂದು ಕಪ್ಪು-ಬಿಳುಪು ಚಿತ್ರ 'ರಾಶೋಮಾನ್'ನಲ್ಲಿ ಮಳೆ ಎದ್ದು ಕಾಣಲಿ ಅಂತ ನೀರಿಗೆ ಕಪ್ಪು ಶಾಯಿ ಬೆರೆಸಿದವರು ಅವರು. ನಾಳೆ ಅದಕ್ಕೂ ಬಣ್ಣ ಹಚ್ಚಿದರೆ ಆ ಶಾಯಿ ಮಳೆಯನ್ನ ಏನು ಮಾಡುತ್ತೀರಿ, ನೀಲಿ ಬಳಿಯುತ್ತೀರಾ?